ಅಡಿಗೆಮನೆ ಮಾತು: ಹೆಚ್ಚುವ ಕೆಲಸಕ್ಕೆ ಎಲ್ಲರ ಕೈ



ಅಡಿಗೆಮನೆಯಲ್ಲಿ ಬೇಯಿಸುವ ಕೆಲಸಕ್ಕಿಂತ ಹೆಚ್ಚುವ ಕೆಲಸವೇ ಹೆಚ್ಚು. ಎಲೆ ಮುಂದೆ ಕೂತವರಿಗೆ ಇದು ತಿಳಿಯುವುದಿಲ್ಲ, ನಮಗೆ ತಿಳಿದಿದೆ. ಉಪ್ಪಿಟ್ಟು ಕೆದಕಿ ಇಳಿಸಲು ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಬೇಕಾದ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಕ್ಯಾರೆಟ್ ಇಷ್ಟನ್ನೂ ಸಣ್ಣಗೆ ಹೆಚ್ಚಿಕೊಳ್ಳುವ ಹೊತ್ತಿಗೆ ಗಡಿಯಾರದ ಮುಳ್ಳು ಓಡಿಬಿಟ್ಟಿರುತ್ತದೆ. ಮಕ್ಕಳ ಸ್ಕೂಲ್ ಬಸ್ಸು ನಮ್ಮ ಈರುಳ್ಳಿಗೆ ಕಾಯುತ್ತದೆಯೇ?

ನಮ್ಮ ಅಮ್ಮಂದಿರಿಗೆ ಈ ಕೆಲಸಕ್ಕೆ ಈಳಿಗೆಮಣೆ ಇತ್ತು. ಕರಾವಳಿ ಕಡೆಯವರು ಮೆಟ್ಟುಕತ್ತಿ ಅನ್ನುತ್ತಾರೆ. ಕಾಲಲ್ಲಿ ಮಣೆ ಒತ್ತಿ ಕೂತು, ಎರಡು ಕೈಯಲ್ಲೂ ತರಕಾರಿ ಹಿಡಿದು ಅವರು ಹೆಚ್ಚುತ್ತಿದ್ದ ಎಳ್ಳುಕಾಳಿನಂಥ ಹುರುಳಿಕಾಯಿ ಇವತ್ತಿಗೂ ಯಾವ ಯಂತ್ರಕ್ಕೂ ಬಾರದು. ಆಮೇಲೆ ನಿಂತು ಅಡಿಗೆ ಮಾಡುವ ಕಟ್ಟೆ ಬಂತು, ಚಾಕು ಬಂತು, ಮಿಕ್ಸಿ ಬಂತು. ಈಗ ಸಂತೆ, ಜಾತ್ರೆ, ಪಾತ್ರೆ ಅಂಗಡಿ ಎಲ್ಲಿ ನೋಡಿದರೂ ದಾರ ಎಳೆಯುವ ಕೈ ಚಾಪರ್ ಕಾಣುತ್ತದೆ. ಸುಮಾರು 200ರಿಂದ 400 ರೂಪಾಯಿ ಒಳಗೆ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೃಹಪ್ರವೇಶದ ಉಡುಗೊರೆಯಾಗಿ ಬಂದು, ನಾಲ್ಕು ದಿನ ಈರುಳ್ಳಿ ಹೆಚ್ಚಿ, ಆಮೇಲೆ ಅಟ್ಟ ಸೇರಿದೆ. ಅದನ್ನು ಕೆಳಗಿಳಿಸಿ. ಅದರಿಂದ ಏನೇನು ಮಾಡಬಹುದು, ಅದಕ್ಕಿಂತ ಮುಖ್ಯವಾಗಿ ಯಾರ್ಯಾರು ಮಾಡಬಹುದು ಅನ್ನೋದೇ ಈ ಸಲದ ಮಾತು.

ಮೊದಲು ಅದರ ಗುಣ ತಿಳಿಯಿರಿ

ಬಾವಿಯ ರಾಟೆ ನೋಡಿದ್ದೀರಲ್ಲ, ಇದರ ಮುಚ್ಚಳದೊಳಗೂ ಒಂದು ಪುಟ್ಟ ರಾಟೆ ಇದೆ. ಅದಕ್ಕೆ ದಾರ ಸುತ್ತಿರುತ್ತದೆ. ದಾರ ಎಳೆದರೆ ರಾಟೆ ತಿರುಗಿ, ಕೆಳಗಿನ ಬ್ಲೇಡುಗಳೂ ತಿರುಗುತ್ತವೆ. ಸಡಿಲ ಬಿಟ್ಟರೆ ಒಳಗಿನ ಸ್ಪ್ರಿಂಗು ದಾರವನ್ನು ವಾಪಸ್ಸು ಸುತ್ತಿಕೊಳ್ಳುತ್ತದೆ. ಇಷ್ಟೇ ಇದರ ಗುಟ್ಟು. ಕರೆಂಟ್ ಬೇಡ, ಮಿಕ್ಸಿಯ ಗಲಾಟೆಯಿಲ್ಲ. ಬೆಳಗಿನ ಜಾವ ಮಲಗಿರುವ ಮಗುವಿಗೆ ಎಚ್ಚರವಾಗುವುದಿಲ್ಲ.

ಮಿಕ್ಸಿಗೆ ಈರುಳ್ಳಿ ಹಾಕಿದರೆ ಸ್ವಿಚ್ಚಿನಿಂದ ಕೈ ತೆಗೆಯುವಷ್ಟರಲ್ಲಿ ನೀರು ನೀರು ಗೊಜ್ಜಾಗುತ್ತದೆ. ಚಾಪರಿನಲ್ಲಿ ಹಾಗಲ್ಲ, ಹದ ನಮ್ಮ ಕೈಯಲ್ಲೇ ಇದೆ. ದಾರ ಎಷ್ಟು ಸಲ ಎಳೆಯುತ್ತೀರೋ ಅದೇ ಲೆಕ್ಕ. ನಾಲ್ಕೈದು ಸಲ ಎಳೆದರೆ ಸಾಗುವಿಗೆ ಬೇಕಾದಂಥ ದಪ್ಪ ಚೂರು. ಎಂಟು ಹತ್ತು ಸಲಕ್ಕೆ ಉಪ್ಪಿಟ್ಟು, ಪಲ್ಯದ ಹದ. ಹದಿನೈದು ಇಪ್ಪತ್ತು ಸಲಕ್ಕೆ ಅಕ್ಕಿರೊಟ್ಟಿಗೆ, ವಡೆಗೆ ಹಾಕುವಷ್ಟು ಸಣ್ಣ. ಬ್ಲೇಡಿನ ಹರಿತ ನೋಡಿಕೊಂಡು ಒಂದೆರಡು ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಹದ ಕೆಡದಿರಲು ಮೂರು ಮಾತು ನೆನಪಿಡಿ. ತರಕಾರಿಯನ್ನು ಒಂದೊಂದು ಅಂಗುಲದ ಒಂದೇ ಅಳತೆಯ ಹೋಳು ಮಾಡಿ ಹಾಕಿ. ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕ್ಯಾರೆಟ್ಟಿನಂಥ ಗಟ್ಟಿ ತರಕಾರಿ ಮೊದಲು ಹಾಕಿ ಐದಾರು ಸಲ ಎಳೆದು, ಆಮೇಲೆ ಈರುಳ್ಳಿಯಂಥ ಮೆತ್ತನೆಯದನ್ನು ಸೇರಿಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಯಾರೆಟ್ ದಪ್ಪಗೆ ಉಳಿದು ಈರುಳ್ಳಿ ಮುದ್ದೆಯಾಗುತ್ತದೆ.

ಈರುಳ್ಳಿ ಬಿಟ್ಟು ಬೇರೇನು?

1. ಹಸಿಮೆಣಸಿನಕಾಯಿ, ಶುಂಠಿ: ಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ಉರಿಯುತ್ತದೆ ಅಂತ ಹೇಳಬೇಕೇ? ಚಾಪರಿಗೆ ತೊಟ್ಟು ಮುರಿದು ಹಾಕಿದರಾಯಿತು. ಇವು ಸ್ವಲ್ಪವೇ ಇದ್ದರೆ ಬ್ಲೇಡಿಗೆ ಸಿಕ್ಕುವುದಿಲ್ಲ. ಒಂದು ಈರುಳ್ಳಿಯನ್ನೋ ಕ್ಯಾರೆಟ್ಟನ್ನೋ ಜೊತೆಗೆ ಹಾಕಿ. ಆದರೂ ಕೈ ಉರಿದರೆ ಬರೀ ನೀರಿನಲ್ಲಿ ತೊಳೆದು ಪ್ರಯೋಜನವಿಲ್ಲ. ಮೆಣಸಿನ ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

2. ಕೋಸು: ಕೋಸಿನ ಪಲ್ಯಕ್ಕೆ ಇದಕ್ಕಿಂತ ಸುಲಭದ ಸಾಧನವಿಲ್ಲ. ಹೂಕೋಸನ್ನೂ ರವೆಯಂತೆ ಮಾಡಿ ಪಲ್ಯ ಮಾಡಬಹುದು. ಸಕ್ಕರೆ ಕಾಯಿಲೆ ಇರುವವರು ಅನ್ನ ಸ್ವಲ್ಪ ಕಡಿಮೆ ಬಡಿಸಿಕೊಂಡು ಇದನ್ನು ಜಾಸ್ತಿ ಹಾಕಿಸಿಕೊಳ್ಳಬಹುದು.

3. ಹುರಿದ ಕಡಲೆಕಾಯಿ ಬೀಜ: ಹುರಿದು, ಪೂರ್ತಿ ಆರಿಸಿ, ಸಿಪ್ಪೆ ಉಜ್ಜಿ ಹಾಕಿ. ಮಿಕ್ಸಿಯಲ್ಲಿ ಎಣ್ಣೆ ಬಿಟ್ಟು ಉಂಡೆಗಟ್ಟುತ್ತದೆ, ಇಲ್ಲಿ ತರಿತರಿಯಾಗಿ ಬರುತ್ತದೆ. ಮಂಡಕ್ಕಿ ಒಗ್ಗರಣೆಗೆ, ಸಾಬೂದಾನಿ ಖಿಚಡಿಗೆ ಚೆನ್ನ. ಬಾಯಲ್ಲಿ ಹಲ್ಲಿಲ್ಲದ ಹಿರಿಯರೂ ಕಡಲೆಬೀಜದ ರುಚಿ ನೋಡಬಹುದು. ಪುಟ್ಟ ಮಕ್ಕಳಿಗೆ ಮಾತ್ರ ಬೀಜದ ಚೂರು ಕೊಡಬೇಡಿ, ಗಂಟಲಿಗೆ ಸಿಕ್ಕುವ ಭಯವಿದೆ.

4. ರಾತ್ರಿ ಉಳಿದ ಚಪಾತಿ: ನಾಲ್ಕು ಚಪಾತಿಯನ್ನು ಹರಿದು, ಒಂದೊಂದೇ ಹಾಕಿ ಆರೇಳು ಸಲ ಎಳೆಯಿರಿ, ಪುಡಿಪುಡಿಯಾಗುತ್ತದೆ. ಸಾಸಿವೆ, ಕರಿಬೇವು, ಈರುಳ್ಳಿ, ಅರಿಸಿನದ ಒಗ್ಗರಣೆಗೆ ಇದನ್ನು ಹಾಕಿ, ಉಪ್ಪು ಹಾಗೂ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಎರಡು ನಿಮಿಷ ಬಿಡಿ. ಮೇಲೆ ನಿಂಬೆರಸ ಹಿಂಡಿದರೆ ಬೆಳಗಿನ ತಿಂಡಿಯಾಯಿತು. ಮಕ್ಕಳಿಗೆ ಸಿಹಿ ಬೇಕೆಂದರೆ ಬಿಸಿ ಮಾಡಿದ ಪುಡಿಗೆ ಬೆಲ್ಲದ ಪುಡಿ, ತುಪ್ಪ, ಏಲಕ್ಕಿ ಕಲಸಿ ಉಂಡೆ ಕಟ್ಟಿಕೊಡಿ.

5. ಸಿಪ್ಪೆಗಳು: ಹೀರೇಕಾಯಿ ಸಿಪ್ಪೆ ಚಟ್ನಿಗೆ, ಕಿತ್ತಳೆ ಸಿಪ್ಪೆ ಗೊಜ್ಜಿಗೆ ಸಿಪ್ಪೆಯನ್ನು ಇದರಲ್ಲೇ ಸಣ್ಣಗೆ ಮಾಡಿ ಹುರಿದುಕೊಳ್ಳಿ, ಬೇಗ ಹುರಿಯುತ್ತದೆ.

6. ಹಳೇ ಚಾಪರ್: ಬ್ಲೇಡ್ ಮೊಂಡಾದ ಮೇಲೆ ಎಸೆಯಬೇಡಿ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಯನ್ನು ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕಲು ಇಟ್ಟುಕೊಳ್ಳಿ. ಚೂರು ಸಣ್ಣಗಿದ್ದಷ್ಟೂ ಬೇಗ ಕೊಳೆತು ಗೊಬ್ಬರವಾಗುತ್ತದೆ. ಅಡಿಗೆಗೆ ಮತ್ತೆ ಅದನ್ನು ಬಳಸಬೇಡಿ, ಅಷ್ಟೇ.

ಹಾಗಂತ ಎಲ್ಲಕ್ಕೂ ಇದೇ ಆಗುವುದಿಲ್ಲ. ಬೆಂಡೆಕಾಯಿ ಲೋಳೆಯಾಗುತ್ತದೆ. ಟೊಮೆಟೊ, ಸೌತೆಕಾಯಿ ನೀರು ಬಿಡುತ್ತವೆ. ಸೊಪ್ಪು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಒಣಕೊಬ್ಬರಿ, ಬೆಲ್ಲದ ಹೆಂಟೆ, ಐಸ್ ಹಾಕಿದರೆ ಬ್ಲೇಡ್ ಹಿಡಿದಿರುವ ಪ್ಲಾಸ್ಟಿಕ್ಕೇ ಮುರಿದೀತು. ಹಲಸಿನಕಾಯಿ, ಬಾಳೆಹೂವು, ಕುಂಬಳಕಾಯಿಗೆ ಈಳಿಗೆಮಣೆಯೇ ಸರಿ. ಅದನ್ನು ಗುಜರಿಗೆ ಹಾಕಬೇಡಿ.

ಎರಡು ರುಚಿ

ತರಕಾರಿ ಅಕ್ಕಿರೊಟ್ಟಿ
ಬೇಕಾದ ಸಾಮಾನು: ಅಕ್ಕಿಹಿಟ್ಟು 2 ಲೋಟ, ಕ್ಯಾರೆಟ್ 1, ದೊಡ್ಡ ಈರುಳ್ಳಿ 1, ಹಸಿಮೆಣಸಿನಕಾಯಿ 3, ಶುಂಠಿ ಅರ್ಧ ಅಂಗುಲ, ಕರಿಬೇವು 1 ಎಸಳು, ಸಬ್ಬಸಿಗೆ ಸೊಪ್ಪು 1 ಹಿಡಿ, ತೆಂಗಿನತುರಿ 3 ಚಮಚ, ಜೀರಿಗೆ 1 ಚಮಚ, ರುಚಿಗೆ ಉಪ್ಪು, ಎಣ್ಣೆ.
ಮಾಡುವ ವಿಧಾನ: ಕ್ಯಾರೆಟ್, ಶುಂಠಿ, ಮೆಣಸಿನಕಾಯಿ ಮೊದಲು ಹಾಕಿ ಎಂಟು ಸಲ ಎಳೆಯಿರಿ. ಈರುಳ್ಳಿ, ಕರಿಬೇವು ಸೇರಿಸಿ ಇನ್ನೂ ಹತ್ತು ಸಲ. ಸಬ್ಬಸಿಗೆಯನ್ನು ಮಾತ್ರ ಚಾಕುವಿನಲ್ಲಿ ಹೆಚ್ಚಿ. ಎಲ್ಲವನ್ನೂ ಹಿಟ್ಟು, ತೆಂಗಿನತುರಿ, ಜೀರಿಗೆ, ಉಪ್ಪಿನ ಜೊತೆ ಬೆರೆಸಿ ಐದು ನಿಮಿಷ ಬಿಡಿ. ಉಪ್ಪಿಗೆ ತರಕಾರಿ ನೀರು ಬಿಟ್ಟುಕೊಳ್ಳುತ್ತದೆ. ಆಮೇಲೆ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಮೆತ್ತಗೆ ಕಲಸಿ. ಎಣ್ಣೆ ಸವರಿದ ತಣ್ಣನೆಯ ಕಾವಲಿಯ ಮೇಲೆ ತೆಳ್ಳಗೆ ತಟ್ಟಿ, ಮಧ್ಯೆ ನಾಲ್ಕು ತೂತು ಮಾಡಿ, ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸಿ. ಚೂರುಗಳು ಸಣ್ಣಗಿರುವುದರಿಂದ ತಟ್ಟುವಾಗ ರೊಟ್ಟಿ ಹರಿಯುವುದಿಲ್ಲ.

ಬೇಸಿಗೆಯ ಮಜ್ಜಿಗೆ
ಬೇಕಾದ ಸಾಮಾನು: ಗಟ್ಟಿ ಮೊಸರು 1 ಲೋಟ, ತಣ್ಣೀರು 3 ಲೋಟ, ಶುಂಠಿ ಅರ್ಧ ಅಂಗುಲ, ಹಸಿಮೆಣಸಿನಕಾಯಿ 1, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು, ಉಪ್ಪು.
ಮಾಡುವ ವಿಧಾನ: ಕೆಲವು ಚಾಪರುಗಳ ಜೊತೆ ಬ್ಲೇಡಿನ ಬದಲು ಹಾಕುವ ಪ್ಲಾಸ್ಟಿಕ್ ಕಡೆಗೋಲು ಕೊಟ್ಟಿರುತ್ತಾರೆ. ಅದು ಇದ್ದರೆ ಮಜ್ಜಿಗೆಗೆ ಒಳ್ಳೆಯದಾಯಿತು. ಶುಂಠಿ, ಮೆಣಸಿನಕಾಯಿ, ಸೊಪ್ಪುಗಳನ್ನು ಜಜ್ಜಿಕೊಳ್ಳಿ. ಬಟ್ಟಲಿಗೆ ಮೊಸರು, ಅರ್ಧ ಲೋಟ ನೀರು ಹಾಕಿ ಇಪ್ಪತ್ತು ಸಲ ಎಳೆಯಿರಿ, ಗಂಟಿಲ್ಲದೆ ನೊರೆ ಬರುತ್ತದೆ. ಪಾತ್ರೆಗೆ ಬಗ್ಗಿಸಿ ಉಳಿದ ನೀರು, ಜಜ್ಜಿದ್ದು, ಇಂಗು, ಉಪ್ಪು ಬೆರೆಸಿ.

ಇನ್ನು, ಯಾರು ಹೆಚ್ಚಬೇಕು?

ಸೋದರಿಯರೇ, ಮುಖ್ಯ ಮಾತು ಇದು. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮಂಡಿ ನೋವಿನಿಂದ ನೆಲದ ಮೇಲೆ ಕೂರಲಾಗದು, ಕೈ ಸ್ವಲ್ಪ ನಡುಗುತ್ತದೆ. ಐವತ್ತು ವರ್ಷ ಕೂತು ಹೆಚ್ಚಿದ ಈಳಿಗೆಮಣೆಯನ್ನು ಅವರೇ ಒಂದು ದಿನ ಒರೆಸಿ ಒಳಗಿಟ್ಟರು. ಆಮೇಲೆ ಅಡಿಗೆಮನೆ ಬಾಗಿಲಿಗೆ ಬಂದು "ಏನಾದ್ರೂ ಮಾಡ್ಲೇನೇ?" ಅಂತ ಕೇಳಿ, ಕೊಡುವಂಥ ಕೆಲಸವಿಲ್ಲದೆ ವಾಪಸ್ಸು ಹೋಗುತ್ತಿದ್ದರು. ಚಾಪರ್ ತಂದ ದಿನ "ಅದೇನು ಆಟದ ಸಾಮಾನು, ಕೊಡು ಇಲ್ಲಿ" ಅಂದರು. ಈಗ ಅವರು ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಇಟ್ಟುಕೊಂಡು ದಾರ ಎಳೆಯುತ್ತಾರೆ. ಲೆಕ್ಕ ತಪ್ಪದಿರಲಿ ಅಂತ ಎಳೆದಾಗಲೆಲ್ಲ "ರಾಮ" ಅನ್ನುತ್ತಾರೆ. ಹನ್ನೆರಡು ರಾಮನಿಗೆ ಕೋಸಂಬರಿಯ ಕ್ಯಾರೆಟ್ ಹದವಂತೆ! ಉಪ್ಪು ಮಾತ್ರ ಬಡಿಸುವಾಗ ಹಾಕು, ಇಲ್ಲದಿದ್ದರೆ ನೀರು ಬಿಡುತ್ತೆ ಅಂತ ನನಗೆ ಇವತ್ತಿಗೂ ಪಾಠ.

ನೋಡಿ, ವಯಸ್ಸಾದವರಿಗೆ "ನೀವು ಸುಮ್ಮನೆ ಕೂತ್ಕೊಳ್ಳಿ" ಅನ್ನುವುದು ಪ್ರೀತಿಯ ಮಾತೇ. ಆದರೆ ಜೀವನವಿಡೀ ಹತ್ತು ಜನಕ್ಕೆ ಬೇಯಿಸಿ ಹಾಕಿದ ಕೈಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಅವರಿಗೆ ಅನುಕೂಲ ಮಾಡಿಕೊಡುವುದು ದೊಡ್ಡ ಕಷ್ಟವಲ್ಲ. ಚಾಪರಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ದಾರದ ಹಿಡಿ ಚಿಕ್ಕದಾಗಿ ಬೆರಳಿಗೆ ಒತ್ತಿದರೆ ಹಳೇ ಹತ್ತಿ ಬಟ್ಟೆ ಸುತ್ತಿ ದಪ್ಪ ಮಾಡಿ. ತರಕಾರಿಯ ಹೋಳು ಮಾಡಿ, ಬ್ಲೇಡ್ ಕೂರಿಸಿ, ಮುಚ್ಚಳ ಹಾಕಿ ನೀವೇ ಕೊಡಿ. ಬೆರಳ ಗಿಣ್ಣು ಊದಿ ನೋಯುತ್ತಿದ್ದರೆ ಮಾತ್ರ ಎಳೆಯುವ ಕೆಲಸ ಬೇಡ, ಡಾಕ್ಟರಿಗೆ ತೋರಿಸಿ.

ಇನ್ನು ಮನೆಯ ಗಂಡಸರು. "ನಂಗೆ ಸಣ್ಣಗೆ ಹೆಚ್ಚಕ್ಕೆ ಬರಲ್ಲ, ಕೈ ಕುಯ್ಕೋತೀನಿ" ಅನ್ನುವ ಹಳೇ ನೆವ ಇನ್ನು ನಡೆಯುವುದಿಲ್ಲ. ದಾರ ಎಳೆಯಲು ಯಾವ ವಿದ್ಯೆ ಬೇಕು ಹೇಳಿ? ನಮ್ಮ ಯಜಮಾನರು ಪೇಪರ್ ಓದುತ್ತಲೇ ಎಳೆದುಕೊಡುತ್ತಾರೆ. ಗಂಡುಮಕ್ಕಳಿಗೂ ಕಲಿಸಿ. ನಾಳೆ ಓದಲು ಊರು ಬಿಟ್ಟು ರೂಮು ಮಾಡಿದಾಗ ಅವರ ಹೊಟ್ಟೆಗೇ ಆಗುತ್ತದೆ. ಆದರೆ ಬ್ಲೇಡ್ ಹಾಕುವುದು, ತೆಗೆಯುವುದು ದೊಡ್ಡವರ ಕೆಲಸ. ಮುಚ್ಚಳ ಮುಚ್ಚಿದ ಮೇಲೆಯೇ ಮಕ್ಕಳ ಕೈಗೆ ಕೊಡಿ.

ಜೋಪಾನ ಮಾಡುವ ಬಗೆ

ದಾರವನ್ನು ಅಡ್ಡಕ್ಕೆ, ನೇರವಾಗಿ ಎಳೆಯಿರಿ. ಮೇಲಕ್ಕೆ ಜಗ್ಗಿದರೆ ಬೇಗ ಸವೆದು ತುಂಡಾಗುತ್ತದೆ. ಹಿಡಿಯನ್ನು ಫಟ್ಟನೆ ಬಿಡದೆ, ಕೈಯಲ್ಲೇ ಹಿಡಿದು ಒಳಗೆ ಹೋಗಲು ಬಿಡಿ. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಮುಚ್ಚಳ ತೆಗೆದು ಸಿಕ್ಕಿದ ಚೂರನ್ನು ಚಮಚದಿಂದ ಬಿಡಿಸಿ, ಬೆರಳು ಹಾಕಬೇಡಿ. ಈರುಳ್ಳಿ ಹೆಚ್ಚಿದ ಮೇಲೆ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ತೆಗೆಯಿರಿ, ಒಳಗೆ ಕಟ್ಟಿಕೊಂಡ ಘಾಟು ಕಣ್ಣಿಗೆ ಬಡಿಯುವುದಿಲ್ಲ. ಬಿಸಿ ಪದಾರ್ಥ ಹಾಕಬೇಡಿ.

ದಾರ ಇರುವ ಮುಚ್ಚಳವನ್ನು ನೀರಿನಲ್ಲಿ ಮುಳುಗಿಸಬೇಡಿ. ನೀರು ಒಳಗೆ ಹೋದರೆ ದಾರ ನೆಂದು ವಾಸನೆ ಬರುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬ್ಲೇಡನ್ನು ಉಳಿದ ಪಾತ್ರೆಗಳ ಜೊತೆ ಸಿಂಕಿಗೆ ಹಾಕಲೇಬೇಡಿ. ನೊರೆಯೊಳಗೆ ಅದು ಕಾಣುವುದಿಲ್ಲ, ಪಾತ್ರೆ ತೊಳೆಯುವವರ ಕೈ ಕೊಯ್ಯುತ್ತದೆ. ಬೇರೆಯಾಗಿ, ನಲ್ಲಿಯ ಕೆಳಗೆ, ಮೇಲಿನ ಪ್ಲಾಸ್ಟಿಕ್ ಹಿಡಿದು ಹಳೇ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಟ್ಟಲೊಳಗೇ ಕೂರಿಸಿ ಮುಚ್ಚಿಡಿ.

ಕೊಳ್ಳುವಾಗ ದೊಡ್ಡದೇ ಬೇಕೆಂದು ಆಸೆಪಡಬೇಡಿ. ನಾಲ್ಕು ಜನರ ಮನೆಗೆ ಸುಮಾರು 600 ಮಿ.ಲೀ. ಬಟ್ಟಲಿನದು ಸಾಕು. ತೀರ ದೊಡ್ಡದರಲ್ಲಿ ಎರಡು ಮೆಣಸಿನಕಾಯಿ ಹಾಕಿದರೆ ಬ್ಲೇಡಿಗೇ ಸಿಕ್ಕುವುದಿಲ್ಲ. ಅಂಗಡಿಯಲ್ಲೇ ನಾಲ್ಕು ಸಲ ಎಳೆದು, ದಾರ ಸರಾಗವಾಗಿ ಒಳಗೆ ಹೋಗುತ್ತದೆಯೇ ನೋಡಿ ತನ್ನಿ.

ಹೆಚ್ಚುವ ಕೆಲಸ ಒಬ್ಬಳ ಮೇಲೆಯೇ ಬಿದ್ದರೆ ಬೇಸರ, ಹಂಚಿಕೊಂಡರೆ ಹರಟೆ. ಈ ಹದಿನೈದು ದಿನದೊಳಗೆ ಒಮ್ಮೆಯಾದರೂ ನಿಮ್ಮ ಮನೆಯ ಹಿರಿಯರ ಮುಂದೆ ಚಾಪರ್ ಇಟ್ಟು "ಅಮ್ಮ, ಇದೊಂದು ಎಳೆದುಕೊಡಿ" ಅಂತ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಅರಳು ಸಂಡಿಗೆ, ಹಪ್ಪಳದ ಮಾತಾಡೋಣ. ಅಲ್ಲಿಯವರೆಗೆ, ಬರಲೇ?