ಮುಹೂರ್ತ ಉಂಟು, ಬೆಡ್ ಒಣಗಿಲ್ಲ!

ಮೇ ತಿಂಗಳು ಬಂತೆಂದರೆ ಮಂಗಳೂರಿನಿಂದ ಕುಂದಾಪುರದ ತನಕ ಗೃಹಪ್ರವೇಶಗಳ ಭರಾಟೆ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಅದರ ಬೆನ್ನಿಗೇ ಆಟಿ, ಶುಭಕಾರ್ಯಕ್ಕೆ ದಿನವಿಲ್ಲ. ಬೇಸಗೆಯ ಕೊನೆಯ ಮುಹೂರ್ತ ಹಿಡಿದು ಹೇಳಿಕೆ ಕಾಗದ ಹಂಚಿ ಮುಗಿದಿರುತ್ತದೆ. ನೆಲಕ್ಕೆ ಹಾಕಿದ ಗಾರೆ ಬೆಡ್ ಮಾತ್ರ ಇನ್ನೂ ಹಸಿ.

"ಎಂತ ಮೇಸ್ತ್ರಿಗಳೇ, ಟೈಲ್ಸ್ ಯಾವಾಗ?" ಎಂದು ಯಜಮಾನರು. "ನಾಳೆಯೇ ಕೂರಿಸುವ ಧನಿ, ಮೇಲಿಂದ ಒಣಗಿದೆಯಲ್ಲ" ಎಂದು ಮೇಸ್ತ್ರಿ. ಕೂರಿಸಿಯೂ ಆಗುತ್ತದೆ. ಹೋಮ, ಊಟ ಎಲ್ಲ ಸಾಂಗ. ನಾಲ್ಕಾರು ತಿಂಗಳಲ್ಲಿ ಕಾಲಿಟ್ಟಲ್ಲಿ ಟೊಳ್ಳು ಸದ್ದು. ಸಂದಿಯಲ್ಲಿ ಬಿಳಿ ಪುಡಿ, ಎಷ್ಟು ಒರೆಸಿದರೂ ಮತ್ತೆ ಹಾಜರ್. ಒಂದು ದಿನ ಚಾವಡಿಯ ನಡುವೆ ಎರಡು ಟೈಲ್ಸ್ ಹಂಚಿನ ಮಾಡಿನ ಹಾಗೆ ಎದ್ದು ಕೂತಿರುತ್ತವೆ. ಮೇಸ್ತ್ರಿ ಟೈಲ್ಸ್ ಅಂಗಡಿಯನ್ನು ತೋರಿಸುತ್ತಾನೆ, ಅಂಗಡಿಯವರು ಮೇಸ್ತ್ರಿಯನ್ನು!

ಟೈಲ್ಸನ್ನು ದೂರಿ ಪ್ರಯೋಜನ ಕಡಿಮೆ. ಎಡವಟ್ಟು ಆಗುವುದು ದಿನ ಎಣಿಸುವಲ್ಲಿ. ಸಿಮೆಂಟಿಗೆ ಏಳರಿಂದ ಹತ್ತು ದಿನ ನೀರು ನಿಲ್ಲಿಸುವುದು ಕ್ಯೂರಿಂಗ್. ಅದು ಗಟ್ಟಿಯಾಗಲು, ಒಣಗಲು ಅಲ್ಲ. ಒಣಗುವ ಲೆಕ್ಕ ಶುರುವಾಗುವುದೇ ನೀರು ನಿಲ್ಲಿಸುವುದನ್ನು ಬಿಟ್ಟ ಮೇಲೆ. ಕ್ಯೂರಿಂಗ್ ಮುಗಿದ ಮರುದಿನವೇ ಕೆಲಸ ಹಿಡಿದರೆ ಅಷ್ಟೂ ನೀರನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ. ಒಳ್ಳೆಯ ಬಿಸಿಲು, ಗಾಳಿ ಇದ್ದರೆ ದಿನಕ್ಕೆ ಒಂದು ಮಿಲಿಮೀಟರ್ ಒಣಗುತ್ತದೆ ಎಂಬುದು ಇಂಜಿನಿಯರುಗಳ ಅಂದಾಜು. ಎರಡಿಂಚಿನ ಬೆಡ್ಡಿಗೆ ಅಂದರೆ ಸುಮಾರು 50 ದಿನ. ಬೆಡ್ ಇನ್ನೂ ದಪ್ಪವಿದ್ದರೆ ಈ ವೇಗವೂ ಇರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಕರಾವಳಿಯಲ್ಲಿ, ಮಳೆಗಾಲ ಹಿಡಿದ ಮೇಲೆ ಆ ಲೆಕ್ಕ ಮರೆತುಬಿಡುವುದೇ ಲೇಸು. ಏಪ್ರಿಲ್ ಕೊನೆಗೆ ಹಾಕಿದ ಬೆಡ್ ಮೇ ಕೊನೆಗೆ ಒಣಗಿತೆಂದರೆ ನಂಬಬೇಡಿ.

ಹಿಂದೆ ಈ ಫಜೀತಿ ಇರಲಿಲ್ಲವೇ? ಇಷ್ಟು ಇರಲಿಲ್ಲ. 1865ರಲ್ಲೇ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಊರು ಮಂಗಳೂರು. ಇಲ್ಲಿಯ ಸುಟ್ಟ ಮಣ್ಣಿನ ನೆಲಹಂಚು ನೀರು ಹೀರುತ್ತಿತ್ತು, ಬಿಡುತ್ತಿತ್ತು. ಕೆಳಗಿನ ಪಸೆ ಮೆಲ್ಲಗೆ ಹೊರಬೀಳುತ್ತಿತ್ತು. ಈಗಿನ ವಿಟ್ರಿಫೈಡ್ ಟೈಲ್ಸ್ ಹೀರುವುದು ನೂರಕ್ಕೆ ಅರ್ಧದಷ್ಟೂ ಇಲ್ಲ. ಪಸೆಗೆ ದಾರಿ ಸಂದಿಯೊಂದೇ. ಬರುವಾಗ ಉಪ್ಪನ್ನೂ ಕರೆತರುತ್ತದೆ. ಅತ್ತ ಬೆಡ್ ಒಣಗುತ್ತಾ ಕುಗ್ಗುತ್ತದೆ, ಟೈಲ್ಸ್ ಕುಗ್ಗುವುದಿಲ್ಲ. ಎರಡರ ಜಗಳದಲ್ಲಿ ಅಂಟು ಬಿಡುತ್ತದೆ. ಇನ್ನು ಹಸಿ ಗಾರೆಗೆ ಸಿಮೆಂಟ್ ಹಾಲು ಸುರಿದು ಒಡನೆ ಒತ್ತುವ ಹಳೆಯ ಕ್ರಮ, ನೀರು ಕುಡಿಯುವ ಹಂಚಿಗೆ ನಡೆಯುತ್ತಿತ್ತು. ಕುಡಿಯದ ಟೈಲ್ಸಿಗೆ ಒಣಗಿದ ಬೆಡ್ಡೂ ಬೇಕು, ಅದಕ್ಕೆಂದೇ ಬರುವ ಟೈಲ್ಸ್ ಅಂಟೂ ಬೇಕು.

ಪರೀಕ್ಷೆಗೆ ದೊಡ್ಡ ಖರ್ಚಿಲ್ಲ ಮಾರಾಯ್ರೇ! ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬೆಡ್ ಮೇಲೆ ಹಾಸಿ, ನಾಲ್ಕೂ ಬದಿಗೆ ಟೇಪ್ ಹಚ್ಚಿ. ಸಂಜೆ ಅಂಟಿಸಿದರೆ ಮರುದಿನ ಮಧ್ಯಾಹ್ನ ಎತ್ತಿ. ಅಡಿಯಲ್ಲಿ ಹನಿ ಕೂತಿದ್ದರೆ, ನೆಲ ಕಪ್ಪಾಗಿದ್ದರೆ ಹಸಿ. ನಡುವೆ ಒಂದು, ಮೂಲೆಯಲ್ಲಿ ಒಂದು, ಬಚ್ಚಲ ಗೋಡೆಯ ಬದಿಗೊಂದು ಹಾಕಿ ನೋಡಬೇಕು. ಒಳಗಿನ ತೇವವನ್ನು ಪೂರ್ತಿ ಹೇಳುವ ಪರೀಕ್ಷೆ ಇದಲ್ಲ, ಅದಕ್ಕೆ ಮೀಟರ್ ಬೇಕು. ಆದರೆ ಅಂಗೈಯಿಂದ ಮುಟ್ಟಿ "ಒಣಗಿದೆ" ಎನ್ನುವುದಕ್ಕಿಂತ ಎಷ್ಟೋ ವಾಸಿ. ಹಸಿ ಇದ್ದರೆ ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ, ಮಳೆ ಬರುವಾಗ ಮುಚ್ಚಿ. ಬೆಂಕಿ ಕಾಯಿಸಿ ಅವಸರ ಮಾಡಿದರೆ ಬೆಡ್ ಬಿರುಕು ಬಿಡುತ್ತದೆ. ವಾರಗಟ್ಟಲೆ ಕಾದರೂ ಹನಿ ಕಡಿಮೆಯಾಗದಿದ್ದರೆ ನೀರು ಬೆಡ್ಡಿನದಲ್ಲ, ಬಹುಶಃ ನೆಲದಡಿಯಿಂದ ಏರುತ್ತಿದೆ. ಪಂಚಾಂಗದ ಮೇಲೆ ತೇವ ತಡೆಯುವ ಪದರ ಇಲ್ಲದಿದ್ದರೆ ಎಷ್ಟು ಕಾದರೂ ಅಷ್ಟೇ. ಮೊದಲು ಅದಕ್ಕೆ ಮದ್ದಾಗಬೇಕು.

ಹೊಸ ಕಾಂಪ್ಲೆಕ್ಸಿನಲ್ಲಿ ಅಂಗಡಿ ಹಿಡಿದವರ ಪಾಡು ಬೇರೆಯಲ್ಲ. ಕಬ್ಬಿಣದ ರ‍್ಯಾಕು, ಅಕ್ಕಿ ಮೂಟೆ ಇಟ್ಟ ಮೇಲೆ ಟೈಲ್ಸ್ ಎದ್ದರೆ ವ್ಯಾಪಾರ ನಿಲ್ಲಿಸಿಯೇ ನೆಲ ಅಗೆಯಬೇಕು.

ಹಣ ಯಾರು ಕೊಡಬೇಕು? ರೇರಾದಡಿ ನೋಂದಾಯಿಸಿದ ಕಟ್ಟಡವಾದರೆ, ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಂಡ ಕಾಮಗಾರಿ ದೋಷವನ್ನು ಕಟ್ಟಿಸಿಕೊಟ್ಟವರೇ ಪುಕ್ಕಟೆ ಸರಿಪಡಿಸಬೇಕು. ತಿಳಿಸಿದ 30 ದಿನದೊಳಗೆ ಎಂದು 2016ರ ಕಾಯಿದೆ ಹೇಳುತ್ತದೆ. ಸ್ವಂತ ಜಾಗದಲ್ಲಿ ಮನೆ ಕಟ್ಟಿಸಿದವರಿಗೆ ಈ ದಾರಿ ಇಲ್ಲ. ಅವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಕಾಗದ ಎಲ್ಲಿ? ಮೇಸ್ತ್ರಿಯ ಜೊತೆ ಆದದ್ದು ಬಾಯಿಮಾತು, ಹಣ ಸಂದದ್ದು ಕೈಯಿಂದ ಕೈಗೆ. ಒಂದು ಹಾಳೆಯಲ್ಲಿ ಬೆಡ್ ಹಾಕಿದ ತಾರೀಕು, ನೀರು ನಿಲ್ಲಿಸುವುದು ಬಿಟ್ಟ ತಾರೀಕು, ಟೈಲ್ಸ್ ಹಿಡಿದ ತಾರೀಕು ಬರೆದು ಇಬ್ಬರೂ ಸಹಿ ಹಾಕುವುದಕ್ಕೆ ಐದು ನಿಮಿಷ ಸಾಕು. ಆ ಹಾಳೆಯನ್ನು ಹೇಳಿಕೆ ಕಾಗದ ಅಚ್ಚಿಗೆ ಕೊಡುವ ಮೊದಲು ನೋಡಿಕೊಳ್ಳಬೇಕು.