ತೊಳೆದ ಹಿತ್ತಾಳೆ, ತೊಳೆಯದ ಪಾಪ

ಪರ್ವದಿನ ಬಂದಾಗ ಪೂಜೆಯ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹುಳಿಯಿಂದ ಬೆಳಗುವುದು ನಮ್ಮ ಮನೆಗಳ ರೂಢಿ. ಅದೇ ಹುಳಿ ಇನ್ನೊಂದು ಕೆಲಸಕ್ಕೂ ಒದಗುತ್ತದೆ. ಹಾರಿಸಿ ಮುಗಿದ ತೋಟಾದಿಂದ ಸುಟ್ಟ ಕೇಪನ್ನು ತೆಗೆದು, ಹುಳಿನೀರಿನಲ್ಲಿ ಮಸಿ ಕಳೆದು, ಅಕ್ರೋಟಿನ ಚಿಪ್ಪಿನ ತರಿಯೊಡನೆ ಪೀಪಾಯಿಯಲ್ಲಿ ಉರುಳಿಸಿದರೆ ಅದರ ಹಿತ್ತಾಳೆ ಹೊಸದರಂತೆ ಹೊಳೆಯುತ್ತದೆ. ಮತ್ತೆ ಕೇಪು, ಮದ್ದು, ಗುಂಡು ತುಂಬಿದರೆ ಅದು ಕೊಲ್ಲಲು ಸಿದ್ಧ.

ಮಲೆನಾಡಿನಂಚಿನ ಬೇಲೂರು ಸೀಮೆಯಲ್ಲಿ ಕೋವಿ ಅಪರಿಚಿತ ವಸ್ತುವಲ್ಲ. ಆದುದರಿಂದ ಪ್ರಶ್ನೆಯನ್ನು ನೇರವಾಗಿಯೇ ಕೇಳೋಣ: ಶ್ರಾವಕನು ಈ ಕೆಲಸಕ್ಕೆ ಕೈಹಾಕಬಹುದೇ? "ನಾನು ಲೋಹವನ್ನಷ್ಟೇ ತೊಳೆಯುತ್ತೇನೆ, ಗುಂಡು ಹಾರಿಸುವವನು ಬೇರೆ" ಎಂಬ ಸಮಾಧಾನ ನಿಲ್ಲುವುದೇ?

ನಿಲ್ಲದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭ ಎಂದು ಕೃತ್ಯದ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಸಂಕಲ್ಪವು ಮೊದಲನೆಯದು, ಸಾಧನಗಳನ್ನು ಸಜ್ಜುಗೊಳಿಸುವುದು ಎರಡನೆಯದು, ಕಾರ್ಯಕ್ಕೆ ತೊಡಗುವುದು ಮೂರನೆಯದು. ಇವನ್ನು ಮೂರು ಯೋಗ, ಕೃತ-ಕಾರಿತ-ಅನುಮತ, ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಭೇದಗಳು. ಹಿತ್ತಾಳೆ ತೊಳೆಯುವವನು ಎರಡನೆಯ ಮೆಟ್ಟಿಲಿನಲ್ಲಿ ಕುಳಿತಿದ್ದಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಉಪಕರಣಗಳನ್ನು ಒದಗಿಸುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. "ಅನರ್ಥವೆಲ್ಲಿ, ಇದರಿಂದ ಹಣ ಬರುತ್ತದೆ" ಎನ್ನುವವರಿಗೆ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಉತ್ತರಿಸುತ್ತದೆ: ಅದು ಶಸ್ತ್ರವ್ಯಾಪಾರವನ್ನು ವಿಷವಾಣಿಜ್ಯದೊಳಗೆ ಸೇರಿಸಿದೆ.

ಕೆಲವರು ಇತಿಹಾಸವನ್ನು ಮುಂದೊಡ್ಡುತ್ತಾರೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದ ಬೊಪ್ಪದೇವನು ದಂಡನಾಯಕ ಗಂಗರಾಜನ ಮಗ. ಯುದ್ಧದಲ್ಲಿ ಗೆದ್ದ ವಿಷ್ಣುವರ್ಧನನು ಅಲ್ಲಿಯ ಸ್ವಾಮಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ನಿಜ. ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದೆಂದು ನಮ್ಮವರು ಒಪ್ಪಿದ್ದಾರೆ. ಆದರೆ ಗಂಗರಾಜನು ನಾಡಿನ ರಕ್ಷಣೆಯ ಹೊಣೆ ಹೊತ್ತು, ತನ್ನ ಪ್ರಾಣವನ್ನೂ ಒಡ್ಡಿ ನಿಂತವನು. ಶಿಕಾರಿಯ ಹವ್ಯಾಸಕ್ಕೆ ತೋಟಾ ಬೆಳಗುವವನು ಒಡ್ಡಿರುವುದೇನು? ಆನೆ, ಕಾಡುಹಂದಿಗಳ ಹಾವಳಿಯಿಂದ ನೊಂದ ರೈತನ ಸಂಕಟವೂ ಬೇರೆ. ಅವನನ್ನು ದೂರದಲ್ಲಿ ಕುಳಿತು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಖಾಲಿ ತೋಟಾವನ್ನು ಮರಳಿ ತುಂಬುವ ಮುಖ್ಯ ಪ್ರಯೋಜನವೆಂದರೆ ಈಡಿನ ವೆಚ್ಚ ಇಳಿಯುವುದು. ಅಂದರೆ ವೆಚ್ಚವು ಕೈಯನ್ನು ತಡೆಯುತ್ತಿದ್ದ ಅಲ್ಪ ಸಂಯಮವೂ ಹೋಗುವುದು.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಪರವಾನಗಿ ಇದ್ದರೆ ಸಾಲದೇ ಎಂದು ಕೇಳಬಹುದು. ಪರವಾನಗಿಯು ಸರ್ಕಾರಕ್ಕೆ ಉತ್ತರ, ಕರ್ಮಕ್ಕಲ್ಲ. ಗುರಿಯ ಹಲಗೆಗೆ ಹೊಡೆದರೆ ಹಿಂಸೆಯೇನು ಎಂದರೆ, ಕೇಪಿನ ಮಸಿಯಲ್ಲಿ ಸೀಸದ ಅಂಶವಿರುತ್ತದೆ. ತೊಳೆದ ನೀರು ಚರಂಡಿ ಸೇರಿದಲ್ಲಿ ಅಪ್ಕಾಯ, ತ್ರಸಜೀವಗಳ ಗತಿಯೇನು? ಅದರ ಧೂಳನ್ನು ಉಸಿರಾಡುವ ಮನೆಯ ಮಕ್ಕಳ ಗತಿಯೇನು?

ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ವಿನಂತಿ. ಅಭಿಷೇಕದ ಹಾಲು ಶುದ್ಧವೇ ಎಂದು ವಿಚಾರಿಸುವ ನಾವು ಕಾಣಿಕೆಯ ಮೂಲವನ್ನು ವಿಚಾರಿಸಲು ಸಂಕೋಚಪಡುತ್ತೇವೆ. ಶಸ್ತ್ರ, ಮದ್ದುಗುಂಡುಗಳ ಸಂಪಾದನೆಯಿಂದ ಬಂದ ಕಾಣಿಕೆಯನ್ನು ಸ್ವೀಕರಿಸುವುದಿಲ್ಲವೆಂದು ನಿರ್ಣಯಿಸಿ ಬಸದಿಯ ಬಾಗಿಲಲ್ಲಿ ಬರೆಸಿರಿ. ಒಂದೆರಡು ಸಾವಿರ ರೂಪಾಯಿ ನಷ್ಟವಾದೀತು, ವ್ರತ ಉಳಿದೀತು.

ಹಳೇಬೀಡಿನ ಆ ಬಸದಿಯ ಕಂಬಗಳೂ ಕನ್ನಡಿಯಂತೆ ಹೊಳೆಯುತ್ತವೆ. ಮುಂದಿನ ಸಲ ದರ್ಶನಕ್ಕೆ ಹೋದಾಗ ಅವುಗಳೆದುರು ನಿಂತು, ನಮ್ಮ ಕೈಗಳು ಏನನ್ನು ಬೆಳಗಿ ಬಂದಿವೆಯೆಂದು ನಮ್ಮನ್ನೇ ಕೇಳಿಕೊಳ್ಳೋಣ.