ಕನೆಕ್ಷನ್ ಪೂಲ್ ದೊಡ್ಡದಾದರೆ ಕೆಲಸ ಬೇಗ ಆಗುತ್ತದೆಯೇ?

ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ವ್ಯವಸ್ಥೆ ನಿಧಾನವಾದರೆ ನಾವು ಮೊದಲು ಕೈಹಾಕುವುದು ಕನೆಕ್ಷನ್ ಪೂಲ್‌ಗೆ; 10 ಇದ್ದದ್ದನ್ನು 50 ಮಾಡಿಬಿಡುತ್ತೇವೆ. ಡೇಟಾಬೇಸ್‌ಗೆ ಪ್ರತಿ ಸಲ ಹೊಸ ಸಂಪರ್ಕ ತೆರೆಯುವ ಬದಲು, ತೆರೆದಿಟ್ಟ ಕೆಲವನ್ನೇ ಸರದಿಯಂತೆ ಬಳಸುವ ಏರ್ಪಾಡು ಈ ಪೂಲ್. ಸಂಪರ್ಕ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ ಹುಟ್ಟಿಕೊಂಡು ಮೆಮೊರಿ ತಿನ್ನುತ್ತದೆ.

ನಾವು ಮರೆಯುವುದು ಗುಣಾಕಾರವನ್ನು. ಪ್ರತಿ ಸರ್ವರ್‌ಗೂ ಅದರದೇ ಪೂಲ್ ಇರುತ್ತದೆ. ಮೂರು ಸರ್ವರ್‌ಗಳಿಗೆ 50ರಂತೆ ಒಟ್ಟು 150! ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೋ 100, ಅದರಲ್ಲೂ 3 ಆಡಳಿತಗಾರರಿಗೆ ಮೀಸಲು. ದಟ್ಟಣೆಯ ಹೊತ್ತಿನಲ್ಲಿ ಮಿತಿ ಮುಟ್ಟಿದರೆ ಹೊಸ ಸಂಪರ್ಕ ಸಿಗುವುದಿಲ್ಲ. ಅದೇ ಡೇಟಾಬೇಸ್ ನಂಬಿದ ಬಿಲ್ಲಿಂಗ್ ಕೌಂಟರ್ ಕೂಡ ನಿಂತುಹೋಗಬಹುದು. ಪೂಲ್ ಹಿಗ್ಗಿಸುವ ಮೊದಲು ನಿಧಾನದ ಕ್ವೆರಿಗಳನ್ನೂ, ಪಡೆದ ಸಂಪರ್ಕವನ್ನು ಹಿಂದಿರುಗಿಸದ ಕೋಡನ್ನೂ ಹುಡುಕೋಣ.